ಪಾಪಕ್ಕ ಯಾವತ್ತು ಸುಮ್ಮನಿದ್ದಳು?

ವಿಜಯಕುಮಾರನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಬಂಗಾರಪೇಟೆಯ ಸ್ಟೇಷನ್ ರಸ್ತೆಯ ಕನ್ನಡಕದ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಗಿರಾಕಿಗಳ ಸ್ಟೂಲಿನ ಪಕ್ಕದಲ್ಲಿ ಮಾಲೀಕ ಸುಬ್ರಮಣಿ ಅವನಿಗೂ ಒಂದು ಕುರ್ಚಿ ಹಾಕಿಸಿದ್ದಾನೆ. ಅದರ ಮೇಲೆ ಅವನ ಊಟದ ಡಬ್ಬಿ ಕೂತಿರುತ್ತದೆ, ಅವನು ನಿಂತಿರುತ್ತಾನೆ. ಯಾರಾದರೂ ಹತ್ತಿರದ ಅಕ್ಷರ ಮಸುಕು ಎಂದು ಬಂದರೆ ಅವರ ಕೈಗೆ ಓದುವ ಕಾರ್ಡು ಕೊಡುತ್ತಾನೆ. ಅದರಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಇವೆ, ಮೇಲಿನ ಸಾಲು ದಪ್ಪ, ಕೆಳಗಿಳಿದಂತೆ ಸಣ್ಣ.

"ಯಾವ ಭಾಷೆ ಓದ್ತೀರಿ?" ಎಂದು ಕೇಳುತ್ತಾನೆ.

"ಮಾತಾಡಾಕೆ ಮೂರೂ ಬತ್ತದಪ್ಪ. ಓದಾಕೆ ಒಂದೂ ಇಲ್ಲ" ಎಂದು ನಗುವವರೇ ಹೆಚ್ಚು. ಆ ಮಾತು ಕೇಳಿದಾಗಲೆಲ್ಲ ವಿಜಯಕುಮಾರ ತನ್ನ ಎಡಗಿವಿಯನ್ನು ಹಿಡಿದು ಎಳೆದುಕೊಳ್ಳುತ್ತಾನೆ. ಚಿಕ್ಕಂದಿನಿಂದ ಬಂದ ಚಾಳಿ.

ಅವನು ಕಾದಂಬರಿಕಾರ ಎಂಬುದು ಅಂಗಡಿಗೆ ಬರುವವರಿಗೆ ಗೊತ್ತಿಲ್ಲ. ಬರೆದದ್ದು ಒಂದೇ ಕಾದಂಬರಿ, 'ಒಂಬತ್ತನೇ ಲೈನಿನ ಮೌನ.' ಎರಡನೆಯದನ್ನು ಬರೆಯಬೇಕೆಂದು ಹೊರಟು ಎರಡು ವರ್ಷದ ಮೇಲಾಗಿದೆ. ಊರಿಗಾಂನ ಲೈನಿನಲ್ಲಿ, ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ, ಅವನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಹೆಂಡತಿ ಕಲಾಳ ಹೊಲಿಗೆ ಯಂತ್ರ. ಹಾಗಾಗಿ ಅವನು ಅಡುಗೆಮನೆಯಲ್ಲಿ ಫ್ರಿಜ್ಜಿನ ತಲೆಯ ಮೇಲೆ ಕಾಗದವಿಟ್ಟುಕೊಂಡು ನಿಂತೇ ಬರೆಯುತ್ತಾನೆ. ಮೊಸರು ಬೇಕೆಂದು ಕಲಾ ಬಂದರೆ ಮೊಣಕೈ ಎತ್ತಿ ದಾರಿ ಬಿಡಬೇಕು. ಒಂದು ಪುಟ ಬರೆಯುವುದು, ಹರಿಯುವುದು, ಚಪ್ಪಲಿ ಮೆಟ್ಟಿ ಸ್ಟೇಷನ್ನಿನವರೆಗೆ ನಡೆದು ಬರುವುದು, ಮತ್ತೆ ಮೊದಲಿನಿಂದ ಶುರು ಮಾಡುವುದು. "ಏಂಗ, ನಡೆಯೋದೇ ಆದ್ರೆ ಬರುವಾಗ ಗುಂಡಿ ದಾರ ಆದ್ರೂ ತಗೊಂಡು ಬನ್ನಿ" ಎನ್ನುತ್ತಾಳೆ ಕಲಾ. ಅವನು ತರುತ್ತಾನೆ. ಬಣ್ಣ ತಪ್ಪಿರುತ್ತದೆ.

ಮನೆಮಾತು ತಮಿಳು. ಅಜ್ಜ ಆರ್ಕಾಟಿನ ಕಡೆಯಿಂದ ಗಣಿ ಕೆಲಸಕ್ಕೆಂದು ಬಂದವನು. ಅಪ್ಪ ಆರುಮುಗಂ ನಂದಿದುರ್ಗ ಗಣಿಯಲ್ಲಿ ಆಯುಸ್ಸು ಕಳೆದವನು. ಲೈನಿನ ಮಕ್ಕಳೆಲ್ಲ ತಮಿಳು ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುತ್ತಿದ್ದ ಕಾಲದಲ್ಲಿ ಆರುಮುಗಂ ಮಗನನ್ನು ಕನ್ನಡ ಶಾಲೆಗೆ ಹಾಕಿದ. ಯಾರ ಮಾತು ಕೇಳಿ ಹಾಗೆ ಮಾಡಿದನೋ ಯಾರಿಗೂ ತಿಳಿಯದು. ಮನೆಯಲ್ಲಿ ಕನ್ನಡ ಓದಬಲ್ಲವರು ಇರಲಿಲ್ಲ. ಹುಡುಗ ರಾಬರ್ಟ್‌ಸನ್‌ಪೇಟೆಯ ಲೈಬ್ರರಿಗೆ ಹೋಗಿ, ಅಲ್ಲಿದ್ದ ಒಂದೇ ಫ್ಯಾನಿನ ಕೆಳಗೆ ನಿಂತು, ಕಪಾಟಿನಿಂದ ಕೈಗೆ ಸಿಕ್ಕ ಕನ್ನಡ ಪುಸ್ತಕವನ್ನೆಲ್ಲ ಓದಿದ. ಆಗಲೇ ಅವನಿಗೆ ಓದುವ ರುಚಿ ಹತ್ತಿದ್ದು. ಆದರೆ ಅವನು ಕನ್ನಡವನ್ನು ಕಿವಿಯಿಂದ ಕಲಿಯಲಿಲ್ಲ, ಕಣ್ಣಿನಿಂದ ಕಲಿತ. 'ಪಡಸಾಲೆ' ಎಂಬ ಪದ ಗೊತ್ತಿತ್ತು, ಪಡಸಾಲೆ ಇರುವ ಮನೆಯನ್ನು ನೋಡಿರಲಿಲ್ಲ. 'ಕಡೆಗೋಲು' ಗೊತ್ತಿತ್ತು, ಅದು ಉದ್ದಕ್ಕಿರುತ್ತದೋ ಗುಂಡಗಿರುತ್ತದೋ ಗೊತ್ತಿರಲಿಲ್ಲ. ಒಮ್ಮೆ ಬಂಗಾರಪೇಟೆ ಸಂತೆಯಲ್ಲಿ, "ಅಮ್ಮಾ, ಈ ಸೌತೆಕಾಯಿಗಳ ಬೆಲೆ ಎಷ್ಟು?" ಎಂದು ಕೇಳಿದ್ದಕ್ಕೆ ತರಕಾರಿಯವಳು ತಲೆಯೆತ್ತಿ ನೋಡಿ, "ಯಾವೂರಪ್ಪ ನಿಂದು? ವಾರ್ತೆ ಓದ್ದಂಗೆ ಮಾತಾಡ್ತೀಯ!" ಎಂದು ಅಕ್ಕಪಕ್ಕದವರನ್ನೆಲ್ಲ ನಗಿಸಿದ್ದಳು. ಆವತ್ತು ಅವನು ಸೌತೆಕಾಯಿ ಬಿಟ್ಟು ಬಂದ. ಕನ್ನಡವನ್ನು ಬಿಡಲಿಲ್ಲ.

ಕಾದಂಬರಿಯನ್ನು ಅಚ್ಚು ಹಾಕಿದವರು ಅಶ್ವತ್ಥಪ್ಪ. ಕಾಲೇಜಿನಲ್ಲಿ ಅವನಿಗೆ ಕನ್ನಡ ಹೇಳಿದ ಮೇಷ್ಟರು, ರಿಟೈರಾದ ಮೇಲೆ ಬಂಗಾರಪೇಟೆಯ ತಮ್ಮ ಮನೆಯ ಮುಂದಿನ ರೂಮಿನಲ್ಲೇ ಸಣ್ಣ ಪ್ರಕಾಶನ ನಡೆಸುತ್ತಿದ್ದಾರೆ. ಕಾದಂಬರಿಯ ನಾಯಕಿ ಸೆಲ್ವಿ, ಗಣಿಯ ಗೇಟಿನ ಮುಂದೆ ಇಡ್ಲಿ ಮಾರುವ ವಿಧವೆ. ಗಣಿ ಮುಚ್ಚಿದ ದಿನ ಅವಳು ಬಾಗಿಲಲ್ಲಿ ಕೂತು ಒಂದೂ ಮಾತಾಡದೆ ದೂರದ ಗಣಿಯ ಗೋಪುರವನ್ನು ನೋಡುತ್ತಾಳೆ. ಕಡೆಯ ಅಧ್ಯಾಯ ಪೂರ್ತಿ ಆ ನೋಟವೇ. ಪತ್ರಿಕೆಯವರು ಆ ಮೌನವನ್ನು ಬಹಳ ಮೆಚ್ಚಿ ಬರೆದರು. 'ಭೂಮಿಯ ಒಡಲಿನ ಮೌನ' ಎಂದರು ಒಬ್ಬರು. ಬಂಗಾರಪೇಟೆಯಲ್ಲೊಂದು ಸಂಘದವರು ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೊಟ್ಟರು. ಹೊಗಳಿಕೆ ಕೇಳುತ್ತಾ ವೇದಿಕೆಯ ಮೇಲೂ ವಿಜಯಕುಮಾರ ಕಿವಿ ಎಳೆದುಕೊಳ್ಳುತ್ತಿದ್ದ. ಆ ಮೌನದ ಕಾರಣ ಅವನಿಗೆ ಮಾತ್ರ ಗೊತ್ತಿತ್ತು. ಸೆಲ್ವಿ ಆ ಕಾದಂಬರಿಯ ಕೊನೆಯಲ್ಲಷ್ಟೇ ಅಲ್ಲ, ಮೊದಲಿನಿಂದಲೂ ಮಾತಾಡುವುದೇ ಇಲ್ಲ. ಅವಳು ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಅವನಿಗೆ ತೋಚಿರಲಿಲ್ಲ. ಪುಸ್ತಕದ ಕನ್ನಡ ಅವಳ ಬಾಯಿಗೆ ಹಿಡಿಸುತ್ತಿರಲಿಲ್ಲ. ಲೈನಿನ ಮಾತು ಕನ್ನಡವೇ ಅಲ್ಲ ಎನ್ನುತ್ತಾರೆ ಎಂಬ ಭಯ. ಹಸ್ತಪ್ರತಿಯಲ್ಲಿ ಹೇಗೋ ಉಳಿದಿದ್ದ ಅವಳ ಎರಡು ಮೂರು ಮಾತುಗಳನ್ನು ಅಶ್ವತ್ಥಪ್ಪನವರು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದಾಗ ಅವನಿಗೆ ಬೇಸರವಾಗಿರಲಿಲ್ಲ. ಉಸಿರು ಬಿಟ್ಟಿದ್ದ.

ಸೆಲ್ವಿ ಎಂದರೆ ನಿಜದಲ್ಲಿ ಪಾಪಕ್ಕ, ಆರುಮುಗಂನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ವಿಜಯಕುಮಾರನ ತಾಯಿ ಬೇಗ ಹೋದ್ದರಿಂದ ಅವನನ್ನು ಸಾಕಿದವಳೂ ಅವಳೇ. ಈಗ ಅದೇ ಲೈನಿನ ಮೂಲೆಮನೆಯಲ್ಲಿ ಇದ್ದಾಳೆ. ತಾನು ಪುಸ್ತಕದಲ್ಲಿ ಇದ್ದೇನೆಂಬ ಸುದ್ದಿಯನ್ನು ಸನ್ಮಾನದ ದಿನವೇ ಯಾರೋ ಅವಳಿಗೆ ಹೇಳಿದ್ದರು. ಅಂದಿನಿಂದ ಊರಿಗಾಂ, ಚಾಂಪಿಯನ್, ಆಂಡರ್ಸನ್‌ಪೇಟೆ, ಎಲ್ಲೆಲ್ಲಿ ಅವಳಿಗೆ ಪರಿಚಯದವರಿದ್ದರೋ ಅಲ್ಲೆಲ್ಲ ಆ ಸುದ್ದಿ ಹೋಗಿತ್ತು.

ಗಲಾಟೆ ಶುರುವಾದದ್ದು ಹಾಲಿನ ಚಿಕ್ಕವೆಂಕಟಮ್ಮನಿಂದ. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಹಾಲು ತರುವ ಆಕೆ ಒಂದು ಬೆಳಿಗ್ಗೆ ಕ್ಯಾನು ಇಳಿಸುತ್ತಾ, "ಅದೇನೋ ಬುಕ್ಕಲ್ಲಿ ನೀನಿದ್ದೀಯಂತಲ್ಲಕ್ಕಾ. ಅದ್ರಾಗೆ ನೀನೇನಂತೀಯ?" ಎಂದು ಕೇಳಿದಳು.

ಪಾಪಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದೆ ನಿಲ್ಲುವುದು ಅವಳ ಜಾಯಮಾನವಲ್ಲ. ನೆಟ್ಟಗೆ ವಿಜಯಕುಮಾರನ ಮನೆಗೆ ಬಂದು, ಫ್ರಿಜ್ಜಿನ ಮುಂದೆ ನಿಂತವನನ್ನು ಹಿಡಿದಳು.

"ವಿಜೀ, ಆ ಬುಕ್ಕು ನಂಗೆ ಓದಿ ಯೋಳು."

"ಅದು ಕನ್ನಡದಲ್ಲಿದೆ ಅತ್ತೆ. ನಿನಗೆ ಆ ಕನ್ನಡ ತಿಳಿಯಲ್ಲ."

"ತಮಿಳಲ್ಲಿ ಯೋಳು. ನಿನ್ನ ಬಾಯಿಗೇನು ಬಂದದೆ?"

ಮಾರನೆಯ ದಿನದಿಂದ ಸಂಜೆ ಅಂಗಡಿಯಿಂದ ಬಂದ ಮೇಲೆ ಓದುವುದೆಂದಾಯಿತು. ಮೇ ತಿಂಗಳ ಸೆಕೆಗೆ ಒಳಗೆ ಕೂರಲಾಗದೆ ಲೈನಿನವರೆಲ್ಲ ಬಾಗಿಲ ಮುಂದೆ ಇರುತ್ತಿದ್ದರು. ಪಾಪಕ್ಕ ಮೆಟ್ಟಿಲ ಮೇಲೆ ಕೂತಳು. ವಿಜಯಕುಮಾರ ಗೋಡೆಗೊರಗಿ ನಿಂತು, ಪುಸ್ತಕ ನೋಡುತ್ತಾ, ಬಾಯಲ್ಲಿ ತಮಿಳು ಮಾಡಿ ಹೇಳತೊಡಗಿದ. ಮೊದಲ ಪುಟದಲ್ಲೇ ಬಂಡಿ ಹೂತುಕೊಂಡಿತು. 'ಅವಳ ಕಣ್ಣುಗಳಲ್ಲಿ ಹೇಳದ ಮಾತುಗಳ ರಾಶಿಯೊಂದು ಮಲಗಿತ್ತು' ಎಂದು ಬರೆದಿದ್ದ. ಅದನ್ನೇ ತಮಿಳಿನಲ್ಲಿ ಹೇಳಿದ. ಪಾಪಕ್ಕ ಮುಂದಕ್ಕೆ ಬಗ್ಗಿದಳು.

"ಅಪ್ಪುರಂ? ಎನ್ನ ಸೊನ್ನಾ?" ಆಮೇಲೆ ಏನಂದಳು ಎಂದು ಕೇಳಿದಳು.

ಏನೂ ಅನ್ನಲಿಲ್ಲ ಎಂದು ಹೇಳುವುದಕ್ಕೆ ಅವನಿಗೆ ಧೈರ್ಯ ಬರಲಿಲ್ಲ. ಬಾಯಿಗೆ ಬಂದ ಒಂದು ಮಾತನ್ನು ಸೆಲ್ವಿಯ ಬಾಯಿಗೆ ಹಾಕಿದ. ಪಾಪಕ್ಕ ಅಂಥ ಹೊತ್ತಿನಲ್ಲಿ ಏನು ಬೈಯುತ್ತಿದ್ದಳೋ ಅದನ್ನೇ. ಅವಳು ಕೈತಟ್ಟಿ ನಕ್ಕಳು. ಎದುರು ಮನೆಯ ಮುನಿಸ್ವಾಮಪ್ಪನೂ ನಕ್ಕ. ಅವನದು ತೆಲುಗು. "ಏಮಿ ಚೆಪ್ಪಿಂದಿ? ಇಂಕೋಸಾರಿ ಚೆಪ್ಪು" ಎಂದು ಇನ್ನೊಮ್ಮೆ ಹೇಳಿಸಿದ. ವಿಜಯಕುಮಾರ ಈ ಸಲ ಅರ್ಧ ತೆಲುಗಿನಲ್ಲಿ ಹೇಳಿದ. ಇನ್ನೂ ಹೆಚ್ಚು ನಗು ಬಂತು.

ಅಲ್ಲಿಂದ ಮುಂದೆ ಅವನನ್ನು ತಡೆಯುವವರಿರಲಿಲ್ಲ. ಪುಸ್ತಕದಲ್ಲಿ ಸೆಲ್ವಿ ಕಿಟಕಿಯಾಚೆ ನೋಡಿದ ಕಡೆಯಲ್ಲೆಲ್ಲ ಇಲ್ಲಿ ಜಗಳವಾಡಿದಳು. ಅಲ್ಲಿ ನಿಟ್ಟುಸಿರಿಟ್ಟಲ್ಲಿ ಇಲ್ಲಿ ವಾಚ್‌ಮನ್ನನಿಗೆ ಇಡ್ಲಿ ಕೊಡದೆ ಸತಾಯಿಸಿದಳು. ಕೊಳ್ಳುವವರೊಂದಿಗೆ ಕನ್ನಡ, ಬೈಯುವಾಗ ತೆಲುಗು, ಅಳುವಾಗ ತಮಿಳು. ಮಾತು ಒಂದು ಭಾಷೆಯಲ್ಲಿ ಹೊರಟು ಇನ್ನೊಂದರಲ್ಲಿ ಹೋಗಿ ಇಳಿಯುತ್ತಿತ್ತು. ದಿನದಿಂದ ದಿನಕ್ಕೆ ಕೇಳುವವರು ಹೆಚ್ಚಾದರು. ಕಲಾ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ನಿಂತು ಕೇಳಿದಳು. ಒಂದು ಸಂಜೆ ಅವಳೇ ಗಮನಿಸಿದಳು, ಗಂಡ ಮೆಟ್ಟಿಲ ಮೇಲೆ ಕೂತಿದ್ದಾನೆ, ಕಿವಿಯ ಕಡೆ ಕೈ ಹೋಗಿಲ್ಲ. ಅವನಿಗೂ ಆಶ್ಚರ್ಯವಾಗಿತ್ತು. ಫ್ರಿಜ್ಜಿನ ಮುಂದೆ ಒಂದು ವಾಕ್ಯಕ್ಕಾಗಿ ಹೆಣಗುವವನ ಬಾಯಲ್ಲಿ ಇಲ್ಲಿ ಪುಟಗಟ್ಟಲೆ ಹರಿಯುತ್ತಿತ್ತು. ಆದರೆ ಮಲಗಲು ಹೋದಾಗ ಅದೇ ಸಂಕಟ. ಇವರು ಕೇಳಿ ನಗುತ್ತಿರುವುದು ನಾನು ಬರೆದದ್ದನ್ನಲ್ಲ, ನಾನು ಬರೆಯದೆ ಬಿಟ್ಟದ್ದನ್ನು ಎನಿಸಿ ಮಗ್ಗುಲು ಬದಲಾಯಿಸುತ್ತಿದ್ದ.

ಕಡೆಯ ಅಧ್ಯಾಯ ಉಳಿದಿತ್ತು. ಆ ಸಂಜೆ ಮುನಿಸ್ವಾಮಪ್ಪನ ಮೊಮ್ಮಗಳು ಕಲ್ಪನ ಬಂದಳು. ಕೋಲಾರದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದ ಹುಡುಗಿ, ಪರೀಕ್ಷೆಗೆ ಓದಿಕೊಳ್ಳಲು ರಜೆಗೆಂದು ಬಂದಿದ್ದಳು. ಅವಳ ಕೈಯಲ್ಲೂ 'ಒಂಬತ್ತನೇ ಲೈನಿನ ಮೌನ' ಇತ್ತು. ಅವರ ಕಾಲೇಜಿನಲ್ಲಿ ಅದು ಪಠ್ಯವಾಗಿತ್ತು. ಅವಳು ಮುಂದೆ ಕೂತು, ತನ್ನ ಪ್ರತಿಯಲ್ಲಿ ಬೆರಳಿಟ್ಟುಕೊಂಡು, ವಿಜಯಕುಮಾರ ಹೇಳಿದ್ದನ್ನು ಹುಡುಕುತ್ತಾ ಹೋದಳು. ಪುಟ ಮುಂದಕ್ಕೆ ತಿರುವಿದಳು, ಹಿಂದಕ್ಕೆ ತಿರುವಿದಳು.

"ಅಣ್ಣಾ, ನೀವು ಯಾವ ಪೇಜಲ್ಲಿದ್ದೀರ?"

ವಿಜಯಕುಮಾರ ಕೇಳಿಸದವನಂತೆ ಮುಂದುವರಿಸಿದ.

"ಅಣ್ಣಾ, ಇದ್ಯಾವುದೂ ಬುಕ್ಕಲ್ಲಿಲ್ಲ! ಸೆಲ್ವಿ ಇಲ್ಲಿ ಮಾತೇ ಆಡಲ್ವಲ್ಲ. ನಮಗೆ ಹತ್ತು ಮಾರ್ಕ್ಸಿನ ಪ್ರಶ್ನೆ ಇದೆ ಅದು. ಸೆಲ್ವಿಯ ಮೌನದ ಸಾಂಕೇತಿಕತೆಯನ್ನು ವಿವರಿಸಿ ಅಂತ."

ಪಾಪಕ್ಕ ಹುಡುಗಿಯ ಕಡೆ ತಿರುಗಿದಳು.

"ಏನಮ್ಮಾ ಅಂಗಂದ್ರೆ?"

"ಅಂದ್ರೆ... ಅವಳು ಸುಮ್ಮನೆ ಇರ್ತಾಳೆ ಅಜ್ಜಿ. ಮೊದಲಿಂದ ಕೊನೇವರೆಗೂ."

"ಕೊನೇದು ನೀನು ಓದು. ಏನೈತೋ ಅಷ್ಟೇ ಓದು."

ಕಲ್ಪನ ವಿಜಯಕುಮಾರನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಓದಿ, ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ತಮಿಳಿನಲ್ಲಿ ಹೇಳಿದಳು. ಗಣಿಯ ಸೈರನ್ ಕಡೆಯ ಬಾರಿ ಕೂಗುತ್ತದೆ. ಸೆಲ್ವಿ ಬಾಗಿಲಲ್ಲಿ ಕೂರುತ್ತಾಳೆ. ಜನ ಬಂದು ಮಾತಾಡಿಸುತ್ತಾರೆ, ಅವಳು ಉತ್ತರ ಕೊಡುವುದಿಲ್ಲ. ಹೊತ್ತು ಮುಳುಗುತ್ತದೆ. ಅವಳು ದೀಪ ಹಚ್ಚುವುದಿಲ್ಲ. ಮಣ್ಣಿನೊಳಗೆ ಎಷ್ಟು ಕತ್ತಲೆ ಇತ್ತೋ ಅವಳೊಳಗೂ ಅಷ್ಟೇ ಇತ್ತು ಎಂಬಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಪಾಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ಏಂಡಾ, ನಾ ಎಪ್ಪಡಾ ಸುಮ್ಮಾ ಇರುಂದೇನ್?" ಎಂದಳು. ನಾನು ಯಾವತ್ತು ಸುಮ್ಮನಿದ್ದೆ ಎಂದು ಕೇಳಿದ್ದು ಲೈನಿನ ಆ ತುದಿಗೂ ಕೇಳಿಸಿತು. "ನನ್ನ ಬಾಯಿ ಓಲ್ದು ಇಟ್ಟಿದ್ದೀಯಲ್ಲೋ! ನಿನ್ನ ಎಂಡ್ತಿ ಮಿಷಿನ್ನಲ್ಲಿ ಓಲ್ದಂಗೆ ಓಲ್ದು ಇಟ್ಟಿದ್ದೀಯಲ್ಲೋ!"

"ಅತ್ತೆ, ಅದು ಕಥೆ..."

"ಏನು ಕಥೆ? ಆವತ್ತು ನೀನೆಲ್ಲಿದ್ದೆ? ಯೋಳು, ಎಲ್ಲಿದ್ದೆ?"

ಅವನು ಶಾಲೆಯಲ್ಲಿದ್ದ. ಹತ್ತನೇ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿತ್ತೆಂದು ಮೇಷ್ಟರು ಸಂಜೆಯವರೆಗೂ ಕೂರಿಸಿಕೊಂಡಿದ್ದರು.

ಆವತ್ತು ಏನಾಯಿತೆಂದು ಪಾಪಕ್ಕ ಅಲ್ಲೇ ನಿಂತು ಹೇಳಿದಳು. ಗಣಿ ಮುಚ್ಚುತ್ತದೆಂಬ ಮಾತು ಎಷ್ಟೋ ದಿನದಿಂದ ಇತ್ತು, ಅವಳು ನಂಬಿರಲಿಲ್ಲ. ಎಂದಿನಂತೆ ಇಡೀ ಶಿಫ್ಟಿಗೆ ಆಗುವಷ್ಟು ಇಡ್ಲಿ ಬೇಯಿಸಿ, ಬುಟ್ಟಿ ಹೊತ್ತು, ನಂದಿದುರ್ಗದ ಗೇಟಿಗೆ ಹೋದಳು. ಗೇಟಿನ ಮುಂದೆ ಜನ ತುಂಬಿದ್ದರು. ಗಂಡಸರು ಗುಂಪು ಗುಂಪಾಗಿ ನಿಂತು ನೆಲ ನೋಡುತ್ತಿದ್ದರು. ಯಾರಿಗೂ ಬಾಯಿಗೆ ಏನೂ ಇಳಿಯುವಂತಿರಲಿಲ್ಲ. ಒಬ್ಬನೂ ಬುಟ್ಟಿಯ ಕಡೆ ಬರಲಿಲ್ಲ.

"ಎಲ್ಲಾ ಎಣ ಎತ್ತಾಕೆ ಬಂದವ್ರಂಗೆ ನಿಂತವ್ರೆ. ನಂಗೆ ತಡೀಲಿಲ್ಲ. ಏಯ್, ಗಣಿ ಮುಚ್ಚಿದ್ರೆ ಒಟ್ಟೆನೂ ಮುಚ್ಚೋಯ್ತಾ ಅಂದೆ. ಎಲ್ರನೂ ಇಡಕೊಂಡು ಬೈದೆ. ನಿಮ್ಮಪ್ಪನ್ನ ಬೈದೆ, ಆಫೀಸರ್ನ ಬೈದೆ, ಯೂನಿಯನ್ನೋರ್ನ ಬೈದೆ, ಪೋಲೀಸ್ನೋರ್ನೂ ಬೈದೆ. ಬುಟ್ಟಿ ಕಾಲಿ ಆಗೋಗಂಟ ಬುಡ್ಲಿಲ್ಲ. ಅಳ್ತಾ ತಿಂದ್ರು. ತಿಂದ್ರೋ ಇಲ್ವೋ ಕೇಳು ಇವನ್ನ."

ಮುನಿಸ್ವಾಮಪ್ಪ ತಲೆಯಾಡಿಸಿದ. "ತಿಂದ್ವಿ ಕಣಪ್ಪ. ನಾನೂ ತಿಂದೆ. ಚಟ್ನಿ ಸಾಲ್ದು ಅಂದಿದ್ದಕ್ಕೆ ನಂಗೆ ಬೇರೆ ಬೈದ್ಲು."

"ಆದ್ರೆ ಅತ್ತೆ," ವಿಜಯಕುಮಾರನ ದನಿ ಕುಗ್ಗಿತ್ತು, "ನಾನು ನೋಡಿದ್ದೀನಿ. ಮಾರನೇ ದಿನ ನೀನು ಬಾಗಿಲಲ್ಲಿ ಕೂತಿದ್ದೆ. ಯಾರು ಕರೆದ್ರೂ ಮಾತಾಡ್ಲಿಲ್ಲ. ನಾನು ಕರೆದ್ರೂ ಮಾತಾಡ್ಲಿಲ್ಲ."

"ಗಂಟ್ಲು ಕಟ್ಕೊಂಡಿತ್ತು ಕಣ್ಲಾ!" ಎಂದಳು ಪಾಪಕ್ಕ. "ಅಷ್ಟು ಅರಚಿದ್ರೆ ಯಾರಿಗ್ ದನಿ ಇರ್ತದೆ? ಎರಡು ದಿನ ಬಿಸಿನೀರು ಕುಡ್ಕೊಂಡು ಕೂತಿದ್ದೆ."

ಮೊದಲು ನಕ್ಕವಳು ಕಲಾ. ಆಮೇಲೆ ಎಲ್ಲರೂ ನಕ್ಕರು. ವಿಜಯಕುಮಾರನಿಗೆ ನಗಲಾಗಲಿಲ್ಲ. ಇಷ್ಟು ವರ್ಷ ಅವನು ಎದೆಯಲ್ಲಿಟ್ಟುಕೊಂಡು ಬಂದ ಆ ಚಿತ್ರ, ಬಾಗಿಲಲ್ಲಿ ಕೂತ ಅತ್ತೆ, ಮಾತು ಸತ್ತ ಮುಖ, ಅದರಿಂದಲೇ ಅವನು ಲೇಖಕನಾಗಿದ್ದ. ಆ ಮುಖ ನೋಡಿದ ದಿನವೇ ಇದನ್ನು ಯಾರಾದರೂ ಬರೆಯಬೇಕು ಎಂದು ಅವನಿಗೆ ಅನಿಸಿತ್ತು. ಚಪ್ಪಲಿಯನ್ನೂ ಮೆಟ್ಟದೆ ಅವನು ಎದ್ದು ನಡೆದ. ಸ್ಟೇಷನ್ ದಾಟಿ, ಗಿಡಗಂಟಿ ಬೆಳೆದ ಹಳೆಯ ಕಂಪನಿ ಬಂಗಲೆಗಳ ದಾರಿಯಲ್ಲಿ, ಚಿನ್ನ ತೆಗೆದು ಸುರಿದ ಮಣ್ಣಿನ ಬೂದಿಬಣ್ಣದ ಸೈನೈಡ್ ದಿಬ್ಬಗಳು ಕಾಣುವವರೆಗೂ ಹೋಗಿ, ಕಾಲಿಗೆ ಕಲ್ಲು ಒತ್ತಿದ ಮೇಲೆ ತಿರುಗಿ ಬಂದ.

ನಂತರದ ದಿನಗಳಲ್ಲಿ ಪಾಪಕ್ಕ ಅವನ ಮನೆಯ ಮುಂದೆ ಹೋಗುವಾಗ ಬರುವಾಗ ಜೋರಾಗಿ ಕೆಮ್ಮುತ್ತಿದ್ದಳು. "ನಾನು ಮೂಗಿ ಕಣಮ್ಮ, ನಂಗೆ ಮಾತು ಬರಾಕಿಲ್ಲ" ಎಂದು ಚಿಕ್ಕವೆಂಕಟಮ್ಮನಿಗೆ ಅವನಿಗೆ ಕೇಳಿಸುವಂತೆ ಹೇಳುತ್ತಿದ್ದಳು. ಇತ್ತ ಕಲ್ಪನ ಬೇರೆ ಬಂದು, "ಅಣ್ಣಾ, ಎಕ್ಸಾಮಲ್ಲಿ ಏನು ಬರೀಲಿ? ಭೂಮಿಯ ಒಡಲಾ, ಗಂಟಲಾ?" ಎಂದು ಕೇಳಿದಳು. ಹುಡುಗಿ ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಚಿಂತೆಯಾಗಿತ್ತು.

"ನಿಮ್ಮ ಮೇಷ್ಟ್ರು ಹೇಳಿದ್ದು ಬರಿ" ಎಂದ. ಹೇಳಿದ ಮೇಲೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಆ ಭಾನುವಾರ ರೈಲು ಹತ್ತಿ ಅಶ್ವತ್ಥಪ್ಪನವರ ಮನೆಗೆ ಹೋದ. ಅವರು ಮುಂದಿನ ರೂಮಿನಲ್ಲಿ ಪುಸ್ತಕದ ಕಟ್ಟುಗಳ ನಡುವೆ ಪ್ರೂಫ್ ತಿದ್ದುತ್ತಿದ್ದರು. ಅವನು ನಿಂತೇ ಎಲ್ಲ ಹೇಳಿದ. ಕಾದಂಬರಿಯನ್ನು ಹೊಸದಾಗಿ ಬರೆಯುತ್ತೇನೆ, ಹಳೆಯದನ್ನು ಮಾರಬೇಡಿ ಎಂದ.

ಅಶ್ವತ್ಥಪ್ಪನವರು ಕನ್ನಡಕ ತೆಗೆದರು. "ಬರೆದಿದ್ದು ಬರೆದಾಯ್ತಪ್ಪ. ಓದಿದೋರು ಓದಿ ಅತ್ತಿದ್ದಾರೆ. ಅವರ ಹತ್ರ ಹೋಗಿ, ಅಯ್ಯಾ ಅದು ಮೌನ ಅಲ್ಲ, ಗಂಟಲು ನೋವು ಅಂತೀಯಾ? ಕಾದಂಬರಿ ಏನು ಪೋಲೀಸ್ ಪಂಚನಾಮೇನಾ? ಹಂಗೇ ಆಗ್ಬೇಕು ಅಂತ ಎಲ್ಲಿದೆ?"

"ಹಾಗಾಗಬೇಕು ಅಂತಲ್ಲ ಸಾರ್. ನಾನು ಅವಳನ್ನ ಸುಮ್ಮನಿರಿಸಿದ್ದು ಕಥೆಗೆ ಬೇಕು ಅಂತಲ್ಲ. ನನಗೆ ಬರೆಯೋಕೆ ಬರ್ಲಿಲ್ಲ ಅಂತ. ಭಯಕ್ಕೆ."

"ಈಗ ಬರುತ್ತಾ? ಯಾವ ಕನ್ನಡದಲ್ಲಿ ಬರೀತೀಯ?"

"ಅತ್ತೆ ಮಾತಾಡೋ ಕನ್ನಡದಲ್ಲಿ."

"ಅದು ಕನ್ನಡಾನಾ?"

"ಗೊತ್ತಿಲ್ಲ ಸಾರ್."

ಕಾಫಿ ಆರಿಹೋಗುತ್ತಿದೆ ಎಂದು ಒಳಗಿನಿಂದ ಅವರ ಹೆಂಡತಿ ವೆಂಕಟರತ್ನಮ್ಮ ಕೂಗಿದರು. "ಏಮಂಡೀ, ಕಾಫಿ ಸಲ್ಲಾರಿಪೋತಾ ಉಂದಿ."

"ವಸ್ತಾ ಉಂಡಾ, ಅಕ್ಕಡ ಪೆಟ್ಟು" ಎಂದು, ಅಲ್ಲೇ ಇಟ್ಟಿರು ಬರುತ್ತೇನೆ ಎಂಬುದನ್ನು ಅಶ್ವತ್ಥಪ್ಪನವರು ತೆಲುಗಿನಲ್ಲೇ ಹೇಳಿ, ಮತ್ತೆ ಕನ್ನಡಕ್ಕೆ ತಿರುಗಿದರು. ತಿರುಗಿದ್ದು ಅವರಿಗೇ ಗೊತ್ತಾಗಿರಲಿಲ್ಲ. ವಿಜಯಕುಮಾರ ಅವರನ್ನೇ ನೋಡುತ್ತಿದ್ದ. ನಲವತ್ತು ವರ್ಷ ಕನ್ನಡ ಪಾಠ ಹೇಳಿದ ಮನುಷ್ಯ ಕಾಫಿ ಕುಡಿಯುವುದು ತೆಲುಗಿನಲ್ಲಿ. ಆ ಕಾಫಿ ಅವರ ಯಾವ ಲೇಖನದಲ್ಲೂ ಬಂದಿರಲಿಲ್ಲ.

ಅವನ ನೋಟ ಏನು ಹೇಳುತ್ತಿದೆ ಎಂದು ಮೇಷ್ಟರಿಗೆ ಆಮೇಲೆ ಹೊಳೆದಿರಬೇಕು. ಪ್ರೂಫಿನ ಹಾಳೆಗಳನ್ನು ಸುಮ್ಮನೆ ಜೋಡಿಸಿದರು. "ನೋಡು ವಿಜಯಕುಮಾರ್, ನಾನು ನಿನ್ನ ಪುಸ್ತಕದಲ್ಲಿ ಹೊಡೆದುಹಾಕಿದ್ದು ಎರಡು ಮೂರು ಸಾಲು. ಮಿಕ್ಕಿದ್ದನ್ನ ನೀನು ಕಾಗದಕ್ಕೆ ಬರೋಕೆ ಮುಂಚೇನೇ ಹೊಡೆದುಹಾಕಿದ್ದೆ. ಹಳೇದನ್ನ ತಿದ್ದೋಕೆ ಹೋಗಬೇಡ. ಅದು ಭಯಪಟ್ಟವನ ಪುಸ್ತಕ, ಹಂಗೇ ಇರಲಿ. ಹೊಸದು ಬರಿ. ಬರೆದು ತಾ. ಅಚ್ಚು ಹಾಕ್ತೀನಿ ಅಂತ ಹೇಳ್ತಿಲ್ಲ. ಓದ್ತೀನಿ."

ಅಂದು ರೈಲಿಗೆ ಕಾಯಲಾಗದೆ ವಿಜಯಕುಮಾರ ಬಸ್ಸು ಹಿಡಿದ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತು, ಬುಟ್ಟಿ ಹೊತ್ತು ಗೇಟಿಗೆ ಬರುವ ಹೆಂಗಸಿನ ಮೊದಲ ಮಾತು ಏನೆಂದು ಯೋಚಿಸಿದ. ಯೋಚಿಸುವುದೇನು ಬಂತು, ಅದು ಅವನ ಕಿವಿಯಲ್ಲೇ ಇತ್ತು. ತೊಂದರೆ ಇದ್ದದ್ದು ಬರೆಯುವುದರಲ್ಲಿ. 'ಹೊಟ್ಟೆ' ಎಂದು ಬರೆದರೆ ಅದು ಪಾಪಕ್ಕನಲ್ಲ. 'ಒಟ್ಟೆ' ಎಂದು ಬರೆದರೆ ಓದುವವನು ಹಳ್ಳಿಗೊಡ್ಡು ಎಂದು ನಗುತ್ತಾನೇನೋ. ತಮಿಳನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಸಂತೆಯ ಆ ತರಕಾರಿಯವಳು, ಯಾವೂರಪ್ಪ ನಿಂದು ಎನ್ನುತ್ತಾಳೆ. ಇರಲಿ, ಕೇಳಿದರೆ ಊರಿಗಾಂ ಎಂದು ಹೇಳಿದರಾಯಿತು ಎಂದುಕೊಂಡ.

ಬರೆಯತೊಡಗಿದ. ಬರೆದಷ್ಟನ್ನು ಸಂಜೆ ಬಾಗಿಲ ಮುಂದೆ ಓದಿದ. ಈ ಸಲ ಅನುವಾದ ಬೇಕಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಓದಿದರೆ ಎಲ್ಲರಿಗೂ ತಿಳಿಯುತ್ತಿತ್ತು. ಅದರಿಂದ ನೆಮ್ಮದಿಯಾಯಿತೆಂದಲ್ಲ. ಕೇಳುವವರೆಲ್ಲ ಈಗ ತಿದ್ದುವವರಾಗಿದ್ದರು. ಮುನಿಸ್ವಾಮಪ್ಪ ತನ್ನ ಬಾಯಲ್ಲಿ ಹಾಕಿದ ಬೈಗುಳ ಸಾಲದೆಂದ. ಕಲಾ, ಇಡ್ಲಿ ಬುಟ್ಟಿಗೆ ಒದ್ದೆ ಬಟ್ಟೆ ಹಾಸದೆ ಯಾರಾದರೂ ಹೊರುತ್ತಾರಾ ಎಂದಳು. ಪಾಪಕ್ಕ ಮೊದಮೊದಲು ಮುಖ ತಿರುಗಿಸಿ ಕೂತಿದ್ದಳು. ಆಮೇಲೆ, "ನಾನು ಅಂಗನ್ನಲಿಲ್ಲ, ಇಂಗಂದೆ" ಎಂದು ಶುರು ಮಾಡಿದಳು. ಇವತ್ತು ಒಂದು ಹೇಳಿದರೆ ನಾಳೆ ಇನ್ನೊಂದು. ಸೋಮವಾರ ಆಫೀಸರನಿಗೆ ಬೈದದ್ದು ಗುರುವಾರ ಯೂನಿಯನ್ನಿನವನಿಗೆ ಬೈದದ್ದಾಗುತ್ತಿತ್ತು. ಸತ್ಯ ಯಾವುದು ಎಂದು ಕೇಳಿದರೆ, "ಎರಡೂ ಬರಿ, ನಿಂಗೇನು ಕಾಗದಕ್ಕೆ ಬರವಾ?" ಎನ್ನುತ್ತಿದ್ದಳು. ಅವನು ಹರಿದು ಬರೆದ, ಬರೆದು ಹರಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಕೈಬರಹದ ಅರ್ಧ ಭಾಗ ಅಶ್ವತ್ಥಪ್ಪನವರ ಕೈ ಸೇರಿತು. ಮೇಷ್ಟರು ಬಹಳ ದಿನ ಏನೂ ಹೇಳಲಿಲ್ಲ. ವಿಜಯಕುಮಾರ ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯಿಂದ ಹೊರಟು ಅವರ ಬೀದಿಯಲ್ಲಿ ಹಾದುಹೋಗುವುದು, ಬಾಗಿಲು ತಟ್ಟದೆ ವಾಪಸ್ಸಾಗುವುದು ಮಾಡುತ್ತಿದ್ದ. ಒಂದು ದಿನ ಅವರೇ ಅಂಗಡಿಗೆ ಬಂದರು. ಓದುವ ಕನ್ನಡಕದ ಕಾಲು ಸಡಿಲವಾಗಿದೆ ಎಂಬ ನೆಪ.

"ಮನೆಯೋಳಿಗೆ ಓದಿ ಹೇಳಿದೆ" ಎಂದರು ಸ್ಟೂಲಿನ ಮೇಲೆ ಕೂತು. "ಒಂದು ಕಡೆ ನಕ್ಕಳು. ಒಂದು ಕಡೆ ಎದ್ದು ಒಳಗೆ ಹೋದಳು. ಯಾಕೆ ಎದ್ದು ಹೋದೆ ಅಂದ್ರೆ ಹೇಳಲ್ಲ." "ಹಾಕ್ತೀನಪ್ಪ ಅಚ್ಚು. ಆದ್ರೆ ಕೊನೆಯಲ್ಲಿ ಪದಗಳ ಅರ್ಥ ಕೊಡಬೇಕು. ಧಾರವಾಡದೋನು, ಮಂಗಳೂರೋನು ಓದೋದು ಬೇಡವಾ?"

"ಬೇಡ ಸಾರ್. ಪುಸ್ತಕದ ಕೊನೇಲಿ ಅರ್ಥ ಕೊಟ್ರೆ ಅತ್ತೆ ಮತ್ತೆ ಪರದೇಶಿ ಆಗ್ತಾಳೆ. ನಾನು ಧಾರವಾಡದೋರ ಪುಸ್ತಕ ಓದುವಾಗ ಯಾರೂ ನನಗೆ ಅರ್ಥ ಕೊಟ್ಟಿರಲಿಲ್ಲ. ನಾನೇ ತಡಕಾಡಿ ತಿಳ್ಕೊಂಡೆ."

"ಎಲ್ಲರೂ ನಿನ್ನಂಗೆ ತಡಕಾಡ್ತಾರಾ?"

"ಒಬ್ಬ ತಡಕಾಡಿದ್ರೂ ಸಾಕು."

ಆ ಜಗಳ ಇನ್ನೂ ಮುಗಿದಿಲ್ಲ. ಮೇಷ್ಟರು ವಾರಕ್ಕೊಮ್ಮೆ ಫೋನು ಮಾಡಿ ಹೊಸ ವಾದ ಹೂಡುತ್ತಾರೆ. ಇವನು ಒಮ್ಮೊಮ್ಮೆ ಸೋಲುತ್ತಾನೆ, ಫೋನಿಟ್ಟ ಮೇಲೆ ಉತ್ತರ ಹೊಳೆದು ತಿರುಗಿ ಫೋನು ಮಾಡುತ್ತಾನೆ. ಕಲ್ಪನ ಪರೀಕ್ಷೆಯಲ್ಲಿ ಭೂಮಿಯ ಒಡಲನ್ನೇ ಬರೆದು ಒಳ್ಳೆಯ ಮಾರ್ಕ್ಸು ತೆಗೆದಳು. ಸುದ್ದಿ ಹೇಳಲು ಬಂದಾಗ ಅವಳ ಮುಖದಲ್ಲಿ ಖುಷಿ ಅಷ್ಟಾಗಿ ಇರಲಿಲ್ಲ. ಪಾಪಕ್ಕನಿಗೆ ಈಗ ಪುಸ್ತಕದ ಮೇಲೆ ಮೊದಲಿನ ಆಸಕ್ತಿ ಉಳಿದಿಲ್ಲ. "ನಂದೇ ಎಷ್ಟು ಬರೀತೀಯ? ಚಿಕ್ಕವೆಂಕಟಮ್ಮಂದು ಬರಿ. ಅವಳ ಸೊಸೆ ಕಥೆ ಕೇಳಿದ್ದೀಯಾ?" ಎನ್ನುತ್ತಾಳೆ.

ಮೊನ್ನೆ ಬೆಳಿಗ್ಗೆ ಲೈನಿಗೆ ನೀರಿನ ಟ್ಯಾಂಕರ್ ಬಂತು. ವಿಜಯಕುಮಾರ ಫ್ರಿಜ್ಜಿನ ಮುಂದೆ ನಿಂತು ಗೇಟಿನ ಜಗಳದ ಭಾಗವನ್ನೇ ಮತ್ತೆ ಬರೆಯುತ್ತಿದ್ದ. ಪಾಪಕ್ಕ ಪೋಲೀಸಿನವನಿಗೆ ಅಂದ ಒಂದು ಮಾತು ಎಷ್ಟು ಬರೆದರೂ ಸತ್ತಂತಿತ್ತು. ಹೊರಗೆ ಅವಳ ದನಿ ಎದ್ದಿತು. ಟ್ಯಾಂಕರಿನವನು ಮೂಲೆಮನೆಯ ತನಕ ಪೈಪು ಎಳೆಯಲ್ಲ ಎಂದಿದ್ದನಂತೆ. ತಮಿಳಿನಲ್ಲಿ ಶುರುವಾದದ್ದು ತೆಲುಗಿಗೆ ಹೊರಳಿ, ಕನ್ನಡಕ್ಕೆ ಬಂದು, ಮತ್ತೆ ತೆಲುಗಿಗೆ ಹೋಯಿತು. ಅವನು ಕಾಗದ, ಪೆನ್ನು ಹಿಡಿದು ಬಾಗಿಲು ದಾಟಿ ಓಡಿದ.

"ಏಂಗ!" ಕಲಾ ಹಿಂದಿನಿಂದ ಕೂಗಿದಳು. "ಕೊಡ ಬಿಟ್ಟು ಹೋಗ್ತಾ ಇದ್ದೀರ!"

ಅವನಿಗೆ ಕೇಳಿಸಲಿಲ್ಲ. ಟ್ಯಾಂಕರಿನ ಪಕ್ಕ ನಿಂತು, ಕಾಗದವನ್ನು ಅಂಗೈಗೆ ಒತ್ತಿಕೊಂಡು, ಅವಳ ಬಾಯಿಂದ ಬಿದ್ದದ್ದನ್ನು ಬಿದ್ದ ಹಾಗೇ ಬರೆದುಕೊಳ್ಳುತ್ತಿದ್ದ. ಮಾತು ಅವನ ಕೈಗಿಂತ ಮುಂದೆ ಓಡುತ್ತಿತ್ತು.